ಪ್ರಾರ್ಥನೆ, ಉಪವಾಸ, ವಾಕ್ಯಾಧ್ಯಯನ: ಗಡಿನಾಡಿನ ಕ್ರೈಸ್ತ ಸೇವೆಯ ಆಧಾರಗಳು ಮತ್ತು ಅವುಗಳ ಭಾಷೆ

ಕಾಸರಗೋಡು ಜಿಲ್ಲೆಯ ಮುಳ್ಳೇರಿಯ, ಚೆರ್ಕಳದಿಂದ ಜಾಲ್ಸೂರಿಗೆ ಸಾಗುವ ರಾಜ್ಯ ಹೆದ್ದಾರಿಯ ಮೇಲಿರುವ ಪೇಟೆ. ಕಾರಡ್ಕ ಗ್ರಾಮ ಪಂಚಾಯತಿಗೆ ಸೇರಿದ ಈ ಪರಿಸರದಲ್ಲಿ ಕನ್ನಡ, ತುಳು, ಮಲೆಯಾಳ, ಹವ್ಯಕ ಕನ್ನಡ, ಮರಾಠಿ, ಕೊಂಕಣಿ ನುಡಿಗಳು ಅಕ್ಕಪಕ್ಕದಲ್ಲಿ ಬಾಳುತ್ತಿವೆ. ಮನೆಯ ಮಾತು ಒಂದು, ಶಾಲೆಯ ಬರಹ ಇನ್ನೊಂದು, ಕಚೇರಿಯ ಕಾಗದ ಮತ್ತೊಂದು ಎಂಬ ಸ್ಥಿತಿ ಇಲ್ಲಿಯವರಿಗೆ ಹೊಸದಲ್ಲ. ಆರಾಧನೆಯ ಭಾಷೆ ಇವುಗಳಲ್ಲಿ ಯಾವುದರೊಡನೆ ಸೇರುತ್ತದೆ ಎಂಬುದು ಮಾತ್ರ ಹೆಚ್ಚಾಗಿ ಚರ್ಚೆಗೆ ಬರದ ಪ್ರಶ್ನೆ. ಗಡಿನಾಡಿನ ಭಾಷಾ ಅಧ್ಯಯನಗಳು ಶಾಲೆ, ಆಡಳಿತ ಮತ್ತು ಸಾಹಿತ್ಯವನ್ನು ಕುರಿತು ವಿಪುಲವಾಗಿ ಮಾತನಾಡಿವೆ. ಧಾರ್ಮಿಕ ಸಾಧನೆಯ ಭಾಷೆಯನ್ನು ಅಷ್ಟಾಗಿ ವಿಚಾರಿಸಿಲ್ಲ.

ಕ್ರೈಸ್ತ ಪರಂಪರೆಯಲ್ಲಿ ಸೇವೆಗೆ ನಿಂತವರ ಬದುಕಿಗೆ ಮೂರು ಆಧಾರಗಳನ್ನು ಹೇಳುವುದು ವಾಡಿಕೆ: ಪ್ರಾರ್ಥನೆ, ಉಪವಾಸ ಮತ್ತು ಸತ್ಯವೇದದ ಅಧ್ಯಯನ. ಸಾಮಾನ್ಯವಾಗಿ ಇವು ಆತ್ಮಿಕ ಶಿಸ್ತುಗಳೆಂದೇ ವಿವರಿಸಲ್ಪಡುತ್ತವೆ. ಆದರೆ ಈ ಮೂರೂ ಭಾಷೆಯ ಮೂಲಕವೇ ನಡೆಯುವ ಕ್ರಿಯೆಗಳು, ಮತ್ತು ಪ್ರತಿಯೊಂದೂ ಭಾಷೆಯನ್ನು ಬೇರೆ ಬೇರೆ ಬಗೆಯಲ್ಲಿ ಆಶ್ರಯಿಸುತ್ತದೆ. ಪ್ರಾರ್ಥನೆಗೆ ಬೇಕಾದುದು ಕಿವಿಗೆ ಪರಿಚಿತವಾದ ಮಾತು. ಉಪವಾಸಕ್ಕೆ ಬೇಕಾದುದು ಮನೆ ಮತ್ತು ಸಭೆ ಒಟ್ಟಾಗಿ ಪಾಲಿಸುವ ಕಾಲಗಣನೆ. ಅಧ್ಯಯನಕ್ಕೆ ಬೇಕಾದುದು ಲಿಪಿ. ಆದಕಾರಣ ಒಂದು ಸಮುದಾಯದ ಭಾಷೆ ಬದಲಾಗತೊಡಗಿದಾಗ ಈ ಮೂರು ಆಧಾರಗಳು ಒಂದೇ ಪ್ರಮಾಣದಲ್ಲಿ ಅಲುಗುವುದಿಲ್ಲ. ಪ್ರಸ್ತುತ ಲೇಖನ ಈ ಅಸಮತೆಯನ್ನು ದಕ್ಷಿಣ ಕನ್ನಡ–ಕಾಸರಗೋಡು ಪ್ರದೇಶದ ಕ್ರೈಸ್ತ ಇತಿಹಾಸದ ಹಿನ್ನೆಲೆಯಲ್ಲಿ ವಿವರಿಸುತ್ತದೆ.

ಗ್ರಂಥಾಧಾರ: ಒಂದು ಭಾಷಾ ತಕರಾರಿನ ನಡುವೆ ಹುಟ್ಟಿದ ಸೂತ್ರ

ಪ್ರಾರ್ಥನೆ ಮತ್ತು ವಾಕ್ಯಸೇವೆಗಳು ಕ್ರೈಸ್ತ ಸೇವೆಯ ತಳಹದಿ ಎಂಬ ಮಾತಿಗೆ ಮುಖ್ಯ ಆಧಾರ ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯ. ಹನ್ನೆರಡು ಮಂದಿ ಅಪೊಸ್ತಲರು ಆಹಾರ ಹಂಚುವ ಹೊಣೆಯನ್ನು ಏಳು ಮಂದಿಗೆ ವಹಿಸಿ, ತಾವು ಪ್ರಾರ್ಥನೆಗೂ ವಾಕ್ಯೋಪದೇಶಕ್ಕೂ ನಿಲ್ಲುವುದಾಗಿ ನಿರ್ಣಯಿಸಿದ ಪ್ರಸಂಗವದು. ಉಪದೇಶಗಳಲ್ಲಿ ಈ ನಿರ್ಣಯವನ್ನು ಮೇಲಿಂದ ಮೇಲೆ ನೆನೆಯಲಾಗುತ್ತದೆ. ಅದಕ್ಕೆ ಕಾರಣವಾದ ತಕರಾರು ಅಷ್ಟಾಗಿ ನೆನಪಿಗೆ ಬರುವುದಿಲ್ಲ. ಯೆರೂಸಲೇಮಿನ ಸಭೆಯಲ್ಲಿ ಇಬ್ರಿಯ ಮಾತಿನವರು ಮತ್ತು ಗ್ರೀಕ್ ಮಾತಿನವರು ಎಂಬ ಎರಡು ಗುಂಪುಗಳಿದ್ದವು. ದಿನನಿತ್ಯದ ಹಂಚಿಕೆಯಲ್ಲಿ ತಮ್ಮ ವಿಧವೆಯರು ಉಪೇಕ್ಷೆಗೆ ಒಳಗಾಗುತ್ತಿದ್ದಾರೆಂದು ಗ್ರೀಕ್ ಮಾತಿನವರು ಗೊಣಗಿದರು. ಪರಿಹಾರವಾಗಿ ಆಯ್ಕೆಯಾದ ಏಳು ಮಂದಿಯ ಹೆಸರುಗಳೂ ಗ್ರೀಕ್ ಹೆಸರುಗಳೇ. ದೂರು ಕೊಟ್ಟ ಅಲ್ಪಸಂಖ್ಯಾತ ಗುಂಪಿನ ಕೈಗೇ ಹಂಚಿಕೆಯ ಹೊಣೆ ಬಂದಂತಿದೆ ಎಂದು ಅನೇಕ ವ್ಯಾಖ್ಯಾನಕಾರರು ಗುರುತಿಸಿದ್ದಾರೆ.

ಇದೇ ಭಾಗದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಊಟದ ಹಂಚಿಕೆಗೂ ವಾಕ್ಯದ ಉಪದೇಶಕ್ಕೂ ಮೂಲ ಗ್ರೀಕಿನಲ್ಲಿ ಬಳಕೆಯಾಗಿರುವುದು ‘ಡಿಯಾಕೊನಿಯಾ’ ಎಂಬ ಒಂದೇ ಪದ. ಕನ್ನಡದ ‘ಸೇವೆ’ ಎಂಬ ಮಾತು ಈ ಎರಡೂ ಅರ್ಥಗಳನ್ನು ಸಹಜವಾಗಿ ಹೊರಬಲ್ಲದು. ಹೀಗಾಗಿ, ಪ್ರಾರ್ಥನೆ ಮತ್ತು ಅಧ್ಯಯನಕ್ಕೆ ಆದ್ಯತೆ ಕೊಟ್ಟ ನಿರ್ಣಯವು ಬಡವರ ಊಟವನ್ನು ಕೀಳೆಂದು ಬಗೆದುದಲ್ಲ. ಭಾಷೆಯ ಕಾರಣದಿಂದ ಯಾರೂ ಹೊರಗುಳಿಯದಂತೆ ಹೊಣೆಗಳನ್ನು ಹಂಚಿದ ಏರ್ಪಾಡು ಅದು.

ಉಪವಾಸವು ಈ ಜೋಡಿಗೆ ಸೇರಿಕೊಳ್ಳುವುದು ಅದೇ ಗ್ರಂಥದ ಹದಿಮೂರನೆಯ ಅಧ್ಯಾಯದಲ್ಲಿ. ಅಂತಿಯೋಕ್ಯದ ಸಭೆಯವರು ಉಪವಾಸವಿದ್ದು ಪ್ರಾರ್ಥಿಸಿ, ಬಾರ್ನಬ ಮತ್ತು ಸೌಲರ ಮೇಲೆ ಕೈಯಿಟ್ಟು ಅವರನ್ನು ದೂರದ ಸೇವೆಗೆ ಕಳುಹಿಸಿಕೊಟ್ಟರು. ಮೂರೂ ಆಧಾರಗಳು ಒಂದೇ ದಿನದಲ್ಲಿ ಕೂಡಿ ಬರುವುದನ್ನು ಹಳೆಯ ಒಡಂಬಡಿಕೆಯ ನೆಹೆಮೀಯನ ಗ್ರಂಥದಲ್ಲಿ ಕಾಣಬಹುದು. ಸೆರೆಯಿಂದ ಮರಳಿದ ಜನ ಉಪವಾಸವಿದ್ದು, ಗೋಣಿತಟ್ಟು ಸುತ್ತಿಕೊಂಡು, ಹಗಲಿನ ನಾಲ್ಕನೆಯ ಒಂದು ಪಾಲು ಧರ್ಮಶಾಸ್ತ್ರವನ್ನು ಓದಿ, ಇನ್ನೊಂದು ಪಾಲು ಪಾಪನಿವೇದನೆ ಮತ್ತು ಆರಾಧನೆಯಲ್ಲಿ ಕಳೆದರು. ಅದರ ಹಿಂದಿನ ಅಧ್ಯಾಯದಲ್ಲಿ ಎಜ್ರನು ಗ್ರಂಥವನ್ನು ಓದುವಾಗ ಲೇವಿಯರು ಜನರಿಗೆ ಅರ್ಥವಾಗುವಂತೆ ವಿವರಿಸಿದರೆಂಬ ಮಾತಿದೆ. ಇಬ್ರಿಯ ಗ್ರಂಥವನ್ನು ಅರಾಮಾಯಿಕ್ ಮಾತಿನಲ್ಲಿ ವಿವರಿಸುವ ‘ತಾರ್ಗುಮ್’ ಪದ್ಧತಿಯ ಮೂಲವನ್ನು ಮುಂದಿನ ಯೆಹೂದಿ ಪರಂಪರೆ ಇಲ್ಲಿಯೇ ಕಂಡಿತು. ಗ್ರಂಥದ ಕೊನೆಯ ಅಧ್ಯಾಯದಲ್ಲಿ, ಮಿಶ್ರ ಕುಟುಂಬಗಳ ಮಕ್ಕಳಲ್ಲಿ ಅರ್ಧ ಮಂದಿ ಅಷ್ಡೋದಿನ ಮಾತನ್ನಾಡುತ್ತಾರೆ, ಯೆಹೂದದ ಮಾತು ಅವರಿಗೆ ಬಾರದು ಎಂಬ ನೆಹೆಮೀಯನ ಕಳವಳ ದಾಖಲಾಗಿದೆ. ಆ ಕಳವಳದಲ್ಲಿ ಅವನು ಜನರನ್ನು ಹೊಡೆದು ಕೂದಲು ಕಿತ್ತನೆಂಬುದನ್ನೂ ಗ್ರಂಥ ಮರೆಮಾಡುವುದಿಲ್ಲ. ಭಾಷೆಯ ನಷ್ಟ ನಿಜವಾದ ನಷ್ಟವೆಂಬುದನ್ನೂ ಅದಕ್ಕೆ ಬಲಾತ್ಕಾರ ಮದ್ದಲ್ಲವೆಂಬುದನ್ನೂ ಈ ಪುಟಗಳಿಂದ ಓದಿಕೊಳ್ಳಬಹುದು.

ಬಾಸೆಲಿನಿಂದ ಬಲ್ಮಠಕ್ಕೆ

ಈ ಮೂರು ಆಧಾರಗಳು ಕನ್ನಡ ಕರಾವಳಿಯ ಪ್ರೊಟೆಸ್ಟೆಂಟ್ ಸಭೆಗಳಿಗೆ ಬಂದ ದಾರಿ ಬಾಸೆಲ್ ಮಿಷನ್. 1815ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯ ಬೇರು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿದ್ದರೂ ಅದರ ಮಿಷನರಿಗಳಲ್ಲಿ ಬಹಳ ಮಂದಿ ದಕ್ಷಿಣ ಜರ್ಮನಿಯ ವುರ್ಟೆಂಬರ್ಗಿನವರು. ಅಲ್ಲಿ ‘ಪಯಟಿಸಂ’ ಎಂಬ ಭಕ್ತಿಪರ ಸುಧಾರಣಾ ಚಳವಳಿ ಬಲವಾಗಿತ್ತು. ಫಿಲಿಪ್ ಯಾಕೊಬ್ ಸ್ಪೇನರ್ 1675ರಲ್ಲಿ ಪ್ರಕಟಿಸಿದ ‘ಪಿಯಾ ಡೆಸಿಡೇರಿಯಾ’ ಕೃತಿಯಲ್ಲಿ, ಭಾನುವಾರದ ಉಪದೇಶವಷ್ಟೇ ಸಾಲದು, ಸಾಮಾನ್ಯ ಜನರೂ ಚಿಕ್ಕ ಕೂಟಗಳಲ್ಲಿ ಸೇರಿ ಗ್ರಂಥವನ್ನು ಓದಿ ಚರ್ಚಿಸಬೇಕೆಂಬ ಸಲಹೆಯನ್ನು ಮುಂದಿಟ್ಟಿದ್ದ. ವುರ್ಟೆಂಬರ್ಗಿನ ಹಳ್ಳಿಗಳಲ್ಲಿ ರೈತರು, ನೇಕಾರರು, ಕುಶಲಕರ್ಮಿಗಳು ಸಂಜೆ ಹೊತ್ತು ಸೇರಿ ಗ್ರಂಥ ಓದುವ ಕೂಟಗಳು ಈ ಸಲಹೆಯ ಫಲ. ಮಿಷನರಿಗಳಾಗಿ ಹೊರಟವರಲ್ಲಿ ಅನೇಕರು ಇಂಥ ಕೂಟಗಳಲ್ಲಿ ಬೆಳೆದವರು.

1833ರ ಸನ್ನದು ಬ್ರಿಟಿಷರಲ್ಲದ ಮಿಷನರಿಗಳಿಗೂ ಭಾರತದ ಬಾಗಿಲು ತೆರೆಯಿತು. ಸ್ಯಾಮುವೆಲ್ ಹೆಬಿಕ್, ಲೆಹ್ನರ್ ಮತ್ತು ಗ್ರೈನರ್ 1834ರ ಅಕ್ಟೋಬರ್‌ನಲ್ಲಿ ಕಲ್ಲಿಕೋಟೆಯಲ್ಲಿಳಿದು ಅದೇ ತಿಂಗಳ ಕೊನೆಗೆ ಮಂಗಳೂರು ಸೇರಿದರು. 1836ರಲ್ಲಿ ಹೆರ್ಮನ್ ಮೋಗ್ಲಿಂಗ್ ಬಂದರು. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ 1843ರಲ್ಲಿ ಅವರ ಸಂಪಾದಕತ್ವದಲ್ಲಿ ಹೊರಬಂದ ಸಂಗತಿ ಎಲ್ಲರಿಗೂ ತಿಳಿದದ್ದು. ಅದಕ್ಕಿಂತ ಕಡಿಮೆ ಪ್ರಚಾರ ಪಡೆದ ಅವರ ಇನ್ನೊಂದು ಕೆಲಸ, ಸ್ಥಳೀಯ ಉಪದೇಶಿಗಳನ್ನು ತಯಾರು ಮಾಡುವ ಸೆಮಿನರಿ. ಬಲ್ಮಠದಲ್ಲಿ ಇಂದಿಗೂ ನಡೆಯುತ್ತಿರುವ ಕರ್ನಾಟಕ ಥಿಯಲಾಜಿಕಲ್ ಕಾಲೇಜು ತನ್ನ ಪರಂಪರೆಯನ್ನು ಆ ಸೆಮಿನರಿಗೆ ಸೇರಿಸಿ ಹೇಳಿಕೊಳ್ಳುತ್ತದೆ.

ಕಾಸರಗೋಡು ಆಗ ಮದರಾಸು ಪ್ರಾಂತದ ಕನ್ನಡ ಜಿಲ್ಲೆಯ, ಮುಂದೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗ. ಹೀಗಾಗಿ ಅದು ಮಂಗಳೂರಿನ ಮುದ್ರಣಾಲಯ ಮತ್ತು ಶಾಲೆಗಳ ಪ್ರಭಾವ ವಲಯದೊಳಗಿತ್ತು. ದಕ್ಷಿಣದಲ್ಲಿ ತಲಶ್ಶೇರಿ ಮತ್ತು ಕಣ್ಣೂರಿನಿಂದ ಹೆರ್ಮನ್ ಗುಂಡರ್ಟ್ ಹಾಗೂ ಹೆಬಿಕ್ ಅವರ ಮಲೆಯಾಳ ವಲಯ ಹರಡಿತ್ತು. ಒಂದೇ ಮಿಷನ್ನಿನ ಎರಡು ಭಾಷಾವಲಯಗಳು ಚಂದ್ರಗಿರಿಯ ಆಚೆ ಈಚೆ ಬೆಳೆದವು ಎಂಬುದು ಗಡಿನಾಡಿನ ಕ್ರೈಸ್ತ ಭಾಷಾಚರಿತ್ರೆಗೆ ಮುಖ್ಯವಾದ ಸಂಗತಿ.

ಪ್ರಾರ್ಥನೆ: ಸಂಬೋಧನೆಯ ವ್ಯಾಕರಣ

‘ಪ್ರಾರ್ಥನೆ’ ಎಂಬ ಸಂಸ್ಕೃತ ಪದದ ಮೂಲಾರ್ಥ ಬೇಡಿಕೆ. ಕನ್ನಡದಲ್ಲಿ ಜಪ, ಧ್ಯಾನ, ಸ್ತುತಿ, ಬಿನ್ನಹ ಮುಂತಾದ ಮಾತುಗಳಿದ್ದರೂ ಮಿಷನರಿ ಅನುವಾದಗಳಲ್ಲಿ ಪ್ರಾರ್ಥನೆಯೇ ನೆಲೆಗೊಂಡಿತು. ಮಲೆಯಾಳದಲ್ಲಿಯೂ ಅದೇ ಪದವಿದೆ. ಕರಾವಳಿಯ ಕಥೋಲಿಕರ ಕೊಂಕಣಿಯಲ್ಲಿ ‘ಮಾಗ್ಣೆಂ’ ಎಂಬ ದೇಶ್ಯ ಪದವಿದ್ದು ಅದರ ಅರ್ಥವೂ ಬೇಡಿಕೆಯೇ. ಸಂಜೆ ಮನೆಮಂದಿಯೆಲ್ಲ ಕೂಡಿ ಹೇಳುವ ಜಪಮಾಲೆಗೆ ಅವರಲ್ಲಿ ‘ತೇರ್ಸ್’ ಎಂದು ಹೆಸರು. ಇದು ಪೋರ್ಚುಗೀಸಿನಿಂದ ಬಂದ ಮಾತು. ಬದಿಯಡ್ಕ ಸಮೀಪದ ಬೇಳದಲ್ಲಿ 1890ರಲ್ಲಿ ಸ್ಥಾಪಿತವಾದ ಶೋಕಮಾತೆಯ ಇಗರ್ಜಿಯಂಥ ಕೇಂದ್ರಗಳು ಮಂಗಳೂರು ಧರ್ಮಪ್ರಾಂತಕ್ಕೆ ಸೇರಿದ್ದು, ಕನ್ನಡ ಲಿಪಿಯ ಕೊಂಕಣಿ ಈ ವಲಯದ ಪ್ರಾರ್ಥನೆಯಲ್ಲಿ ಬಳಕೆಯಲ್ಲಿದೆ.

ಪದಕ್ಕಿಂತಲೂ ಸರ್ವನಾಮ ಹೆಚ್ಚು ಹೇಳುತ್ತದೆ. ಪ್ರೊಟೆಸ್ಟೆಂಟರ ಹಳೆಯ ಕನ್ನಡ ಸತ್ಯವೇದದಲ್ಲಿ ದೇವರನ್ನು ಕರೆಯುವುದು ‘ನೀನು’ ಎಂದು. ವಚನಕಾರರ ಮತ್ತು ಹರಿದಾಸರ ಸಲಿಗೆಯ ಸಂಬೋಧನೆಗೆ ಒಗ್ಗಿದ ಕನ್ನಡ ಕಿವಿಗೆ ಇದು ಅಗೌರವವಾಗಿ ಕೇಳಿಸಲಿಲ್ಲ. ಕಥೋಲಿಕ ಕನ್ನಡ ಪ್ರಾರ್ಥನೆಯಲ್ಲಿ ‘ನೀವು’, ‘ನಿಮ್ಮ’ ಎಂಬ ಗೌರವರೂಪ ಬಳಕೆಯಲ್ಲಿದೆ. ಮಲೆಯಾಳದಲ್ಲಿಯೂ ಇದೇ ಬಗೆಯ ಭೇದವನ್ನು ಕಾಣಬಹುದು: ಪ್ರೊಟೆಸ್ಟೆಂಟ್ ಸತ್ಯವೇದಪುಸ್ತಕದಲ್ಲಿ ಏಕವಚನ, ಕಥೋಲಿಕ ಪ್ರಾರ್ಥನೆಯಲ್ಲಿ ‘ಅಙ್ಙ್’ ಎಂಬ ಗೌರವರೂಪ. ಕೊಂಕಣಿಯ ‘ತುಂ’ ಮತ್ತೆ ಸಲಿಗೆಯ ರೂಪ. ಒಂದೇ ಪೇಟೆಯಲ್ಲಿ ವಾಸಿಸುವ ನೆರೆಹೊರೆಯವರು ಒಂದೇ ಪ್ರಾರ್ಥನೆಯನ್ನು ಮೂರು ಭಾಷೆಗಳಲ್ಲಿ, ಎರಡು ಗೌರವ ಕ್ರಮಗಳಲ್ಲಿ ಹೇಳುವುದು ಗಡಿನಾಡಿನಲ್ಲಿ ಅಸಂಭವವೇನಲ್ಲ. ಇದು ಕೇವಲ ವ್ಯಾಕರಣದ ವಿಷಯವಲ್ಲ. ದೇವರು ತಂದೆಯಂತೆ ಹತ್ತಿರದವನೋ, ಒಡೆಯನಂತೆ ಎತ್ತರದಲ್ಲಿರುವವನೋ ಎಂಬ ಭಾವ ಬಾಲ್ಯದಲ್ಲಿ ಕಲಿತ ಸರ್ವನಾಮದೊಳಗೇ ಅಡಗಿರುತ್ತದೆ. ಆರಾಧನೆಯ ಭಾಷೆ ಬದಲಾದ ಮೇಲೆ ಪ್ರಾರ್ಥನೆಯ ಅರ್ಥ ಉಳಿದರೂ ಆ ಭಾವ ಹೊಸದಾಗಿ ರೂಢಿಯಾಗಬೇಕಾಗುತ್ತದೆ.

ಬಾಸೆಲ್ ಮಿಷನ್ನಿನ ವ್ಯವಸ್ಥೆಯಲ್ಲಿ ಪ್ರಾರ್ಥನೆ ಗುಡಿಯೊಳಗೆ ಮಾತ್ರ ಉಳಿಯಲಿಲ್ಲ. ಅದರ ನೇಯ್ಗೆಶಾಲೆ ಮತ್ತು ಹಂಚಿನ ಕಾರ್ಖಾನೆಗಳಲ್ಲಿ ದಿನದ ಕೆಲಸ ಪ್ರಾರ್ಥನೆಯಿಂದ ಆರಂಭವಾಗುತ್ತಿತ್ತು. ಕೆಲಸದ ಶಿಸ್ತು ಮತ್ತು ಭಕ್ತಿಯ ಶಿಸ್ತು ಹೀಗೆ ಹೆಣೆದುಕೊಂಡುದನ್ನು ವಿಮರ್ಶಿಸಿದವರಿದ್ದಾರೆ. ಭಾಷೆಯ ದೃಷ್ಟಿಯಿಂದ ನೋಡಿದರೆ, ಓದು ಬಾರದ ಕೆಲಸಗಾರರು ಗ್ರಾಂಥಿಕ ಕನ್ನಡದ ವಾಕ್ಯಗಳನ್ನು ದಿನವೂ ಕೇಳಿ ಬಾಯಿಪಾಠ ಮಾಡಿಕೊಂಡ ಸ್ಥಳವೂ ಇದೇ. ಪ್ರಾರ್ಥನೆ ಕಿವಿಯ ಮೂಲಕ ದಾಟುತ್ತದೆ. ಅಕ್ಷರ ಬಾರದವರಲ್ಲಿಯೂ ಅದು ಉಳಿಯುತ್ತದೆ.

ಉಪವಾಸ: ನೋಂಪಿ, ನೋಂಬು, ಕರೆಜ್ಮ್

ಮೂರು ಆಧಾರಗಳಲ್ಲಿ ಪ್ರೊಟೆಸ್ಟೆಂಟ್ ಪರಂಪರೆ ಹೆಚ್ಚು ಎಚ್ಚರಿಕೆಯಿಂದ ಸ್ವೀಕರಿಸಿದುದು ಉಪವಾಸವನ್ನು. 1522ರ ತಪಸ್ಸುಕಾಲದಲ್ಲಿ ಜ್ಯೂರಿಕ್ ನಗರದ ಮುದ್ರಕ ಫ್ರೊಶೌವರ್‌ನ ಮನೆಯಲ್ಲಿ ಕೆಲವರು ಮಾಂಸದ ಸಾಸೇಜು ತಿಂದರು. ಸುಧಾರಕ ಜ್ವಿಂಗ್ಲಿ ಅವರನ್ನು ಸಮರ್ಥಿಸಿ, ಆಹಾರದ ನಿಯಮ ಮನುಷ್ಯಕೃತವೆಂದು ವಾದಿಸಿದ. ಸ್ವಿಸ್ ಸುಧಾರಣೆಯ ಆರಂಭವನ್ನು ಈ ಘಟನೆಯಿಂದಲೇ ಗುರುತಿಸುವುದುಂಟು. ಲೂಥರ್ 1539ರಲ್ಲಿ ದೈವಶಾಸ್ತ್ರದ ವಿದ್ಯಾರ್ಥಿಗೆ ಮೂರು ಸೂತ್ರಗಳನ್ನು ಹೇಳಿದಾಗ ಅವು ಪ್ರಾರ್ಥನೆ, ಧ್ಯಾನ ಮತ್ತು ಶೋಧನೆ ಎಂದಾದವು. ಉಪವಾಸ ಆ ಪಟ್ಟಿಯಲ್ಲಿಲ್ಲ. ಆದರೆ ಉಪವಾಸ ಸಂಪೂರ್ಣವಾಗಿ ಮರೆಯಾಗಲಿಲ್ಲ. ಸ್ವಿಟ್ಜರ್ಲೆಂಡಿನ ಒಕ್ಕೂಟವು ಸೆಪ್ಟೆಂಬರ್ ತಿಂಗಳ ಮೂರನೆಯ ಭಾನುವಾರವನ್ನು ಕೃತಜ್ಞತೆ, ಪಶ್ಚಾತ್ತಾಪ ಮತ್ತು ಪ್ರಾರ್ಥನೆಯ ದಿನವೆಂದು 1832ರಲ್ಲಿ ನಿಗದಿಪಡಿಸಿತು. ಮೊದಲ ಮಿಷನರಿಗಳು ಮಂಗಳೂರಿಗೆ ಹೊರಟ ಕಾಲ ಅದು.

ಕನ್ನಡ ಅನುವಾದಕರು ಆರಿಸಿಕೊಂಡ ‘ಉಪವಾಸ’ ಎಂಬ ಪದಕ್ಕೆ ಸಮೀಪದಲ್ಲಿ ನೆಲೆಸುವುದು ಎಂಬ ವ್ಯುತ್ಪತ್ತಿಯನ್ನು ಹೇಳುತ್ತಾರೆ. ಗ್ರೀಕಿನ ಪದ ಉಣ್ಣದಿರುವುದನ್ನಷ್ಟೇ ಸೂಚಿಸಿದರೆ, ಈ ಪದ ಉಣ್ಣದಿರುವುದರ ಉದ್ದೇಶವನ್ನೂ ಧ್ವನಿಸುತ್ತದೆ. ಇದಕ್ಕೆ ಬದಲಾಗಿ ಕನ್ನಡದ್ದೇ ಆದ ಇನ್ನೊಂದು ಪದವಿತ್ತು: ನೋಂಪಿ. ಹಳಗನ್ನಡದ ‘ನೋನ್’ ಧಾತುವಿನಿಂದ ಬಂದ ಈ ಪದ ವ್ರತವನ್ನು ಸೂಚಿಸುತ್ತದೆ. ಕನ್ನಡದ ಜೈನ ಸಾಹಿತ್ಯದಲ್ಲಿ ನೋಂಪಿಯ ಕಥೆಗಳೆಂಬ ಒಂದು ಪ್ರಕಾರವೇ ಇದೆ. ಇದರ ಸೋದರ ಪದವಾದ ‘ನೋಂಬು’ ಮಲೆಯಾಳದಲ್ಲಿ ಜೀವಂತವಾಗಿದ್ದು, ಅಲ್ಲಿನ ಸುರಿಯಾನಿ ಕ್ರೈಸ್ತರ ಐವತ್ತು ದಿನಗಳ, ಎಂಟು ದಿನಗಳ ಮತ್ತು ಮೂರು ದಿನಗಳ ವ್ರತಗಳಿಗೂ ಮುಸ್ಲಿಮರ ರಂಜಾನ್ ವ್ರತಕ್ಕೂ ಅದೇ ಹೆಸರು. ಬ್ಯಾರಿ ಭಾಷೆಯಲ್ಲಿಯೂ ಈ ಪದ ಬಳಕೆಯಲ್ಲಿದೆ. 1943ರಲ್ಲಿ ರಾಜಪುರದಲ್ಲಿ ನೆಲೆಯೂರಿದ ಕ್ನಾನಾಯ ಕುಟುಂಬಗಳಂಥ ವಲಸೆಗಾರ ಸುರಿಯಾನಿ ಕ್ರೈಸ್ತರೊಡನೆ ಕ್ರೈಸ್ತ ಅರ್ಥದ ‘ನೋಂಬು’ ಕಾಸರಗೋಡಿನ ಮಲೆನಾಡಿಗೆ ಬಂತು. ಕೊಂಕಣಿ ಕಥೋಲಿಕರಲ್ಲಿ ನಲವತ್ತು ದಿನಗಳ ತಪಸ್ಸುಕಾಲಕ್ಕೆ ‘ಕರೆಜ್ಮ್’ ಎಂಬ, ಪೋರ್ಚುಗೀಸಿನ ಮೂಲಕ ಲ್ಯಾಟಿನ್ನಿಗೆ ಸೇರುವ ಹೆಸರಿದೆ.

ಹೀಗೆ ಜೈನರ ನೋಂಪಿ, ಮಲೆಯಾಳಿ ಕ್ರೈಸ್ತರ ಮತ್ತು ಮುಸ್ಲಿಮರ ನೋಂಬು, ಕೊಂಕಣಿಗರ ಕರೆಜ್ಮ್, ಏಕಾದಶಿ–ಶಿವರಾತ್ರಿಗಳ ಉಪವಾಸ, ಇವೆಲ್ಲ ಒಂದೇ ಭೂಪ್ರದೇಶದ ಕಾಲಗಣನೆಯಲ್ಲಿ ಸೇರಿವೆ. ಈ ಪ್ರದೇಶದಲ್ಲಿ ಉಪವಾಸವೆಂದರೇನೆಂದು ಯಾರಿಗೂ ವಿವರಿಸಬೇಕಾಗಿಲ್ಲ. ಕ್ರೈಸ್ತ ಉಪವಾಸ ಯಾವುದರಲ್ಲಿ ಭಿನ್ನ ಎಂಬುದನ್ನಷ್ಟೇ ವಿವರಿಸಬೇಕು. ಹೊಸ ಒಡಂಬಡಿಕೆಯಲ್ಲಿ ಮತ್ತಾಯನ ಆರನೆಯ ಅಧ್ಯಾಯ ಉಪವಾಸವನ್ನು ಪ್ರದರ್ಶನಕ್ಕೆ ಇಡಬಾರದೆಂದು ಬೋಧಿಸುತ್ತದೆ. ತಲೆಗೆ ಎಣ್ಣೆ ಹಚ್ಚಿ ಮುಖ ತೊಳೆದುಕೊಂಡು ಎಂದಿನಂತೆ ಇರಬೇಕೆನ್ನುತ್ತದೆ. ಯೆಶಾಯನ ಐವತ್ತೆಂಟನೆಯ ಅಧ್ಯಾಯ ಇನ್ನೂ ಮುಂದೆ ಹೋಗಿ, ಹಸಿದವರಿಗೆ ಅನ್ನ ಹಂಚದ, ಬಂಧಿತರ ನೊಗ ಮುರಿಯದ ಉಪವಾಸವನ್ನು ದೇವರು ಒಲ್ಲನೆಂದು ಸಾರುತ್ತದೆ. ಸೇವೆಗೆ ನಿಂತವರಿಗೆ ಉಪವಾಸ ಆಧಾರವಾಗುವುದು ಇಲ್ಲಿಯೇ. ಇತರರ ಹಸಿವನ್ನು ಮಾತಿನಲ್ಲಷ್ಟೇ ಬಲ್ಲವರಿಗೆ ಅದರ ಅರಿವನ್ನು ದೇಹದ ಮೂಲಕ ಕೊಡುವ ಶಿಸ್ತು ಅದು. ಮೊದಲ ಶತಮಾನಗಳ ‘ದಿದಖೆ’ ಎಂಬ ಕೈಪಿಡಿ ವಾರದಲ್ಲಿ ಬುಧವಾರ ಮತ್ತು ಶುಕ್ರವಾರ ಉಪವಾಸವಿರಬೇಕೆಂದು ವಿಧಿಸಿದಾಗ ಅದರಲ್ಲಿ ನೆರೆಯ ಸಮುದಾಯದಿಂದ ತನ್ನನ್ನು ಬೇರ್ಪಡಿಸಿಕೊಳ್ಳುವ ಉದ್ದೇಶವೂ ಇತ್ತು. ಸೋಮವಾರ ಮತ್ತು ಗುರುವಾರ ಇತರರ ದಿನಗಳಾಗಿದ್ದವು. ಉಪವಾಸದ ದಿನಗಳು ಸಮುದಾಯದ ಗಡಿಗಳನ್ನು ಗೆರೆಯೆಳೆದು ತೋರಿಸುತ್ತವೆ. ಆದರೆ ಆ ಗೆರೆ ಲಿಪಿಯನ್ನು ಅವಲಂಬಿಸಿಲ್ಲ. ಮನೆಯ ಅಡುಗೆ ಮತ್ತು ಸಭೆಯ ಪಂಚಾಂಗ ಉಳಿದಷ್ಟು ಕಾಲ ಉಪವಾಸವೂ ಉಳಿಯುತ್ತದೆ.

ವಾಕ್ಯಾಧ್ಯಯನ: ಲಿಪಿಯ ಮೇಲೆ ನಿಂತ ಆಧಾರ

ಕನ್ನಡ ಸತ್ಯವೇದದ ಮೊದಲ ಅನುವಾದದ ಶ್ರೇಯಸ್ಸು ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಸಹಕಾರಿಗಳಿಗೆ ಸಲ್ಲಬೇಕು. 1830ರ ದಶಕದ ಆರಂಭದಲ್ಲಿ ಇಡೀ ಗ್ರಂಥ ಅಚ್ಚಾಯಿತು. ಅದರ ಪರಿಷ್ಕರಣೆಯಲ್ಲಿ ಮಂಗಳೂರಿನ ವೈಗಲ್ ಮತ್ತು ಮೋಗ್ಲಿಂಗ್ ತೊಡಗಿಕೊಂಡರು. ಅದೇ ಮೋಗ್ಲಿಂಗ್ ಕನ್ನಡದ ಹಳೆಯ ಕಾವ್ಯಗಳನ್ನು ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ಅಚ್ಚು ಹಾಕಿಸಿದರೆಂಬುದು ಕಾಕತಾಳೀಯವಲ್ಲ. ಗ್ರಂಥವನ್ನು ಕನ್ನಡದಲ್ಲಿ ಓದಿಸಬೇಕಾದರೆ ಕನ್ನಡವನ್ನು ಓದಬೇಕಾಗಿತ್ತು. 1853ರಲ್ಲಿ ಬಂದ ಫರ್ಡಿನಾಂಡ್ ಕಿಟೆಲ್ 1862ರಲ್ಲಿ ಕ್ರಿಸ್ತಚರಿತೆಯನ್ನು ಕನ್ನಡ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ರಚಿಸಿದರು, 1894ರಲ್ಲಿ ಅವರ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. ವಾಕ್ಯಾಧ್ಯಯನದ ಶಿಸ್ತು ಭಾಷಾಧ್ಯಯನವಾಗಿ ಬೆಳೆದ ಉದಾಹರಣೆಗಳಿವು.

ತುಳುವಿನ ಕಥೆ ಇನ್ನಷ್ಟು ಬೋಧಪ್ರದ. ಗ್ರೈನರ್ ಮತ್ತು ಅಮ್ಮನ್ ಅವರ ಪ್ರಯತ್ನದಿಂದ 1842ರಲ್ಲಿ ಮತ್ತಾಯನ ಸುವಾರ್ತೆಯೂ 1847ರಲ್ಲಿ ಇಡೀ ಹೊಸ ಒಡಂಬಡಿಕೆಯೂ ತುಳುವಿನಲ್ಲಿ ಪ್ರಕಟವಾದವು. ಅವುಗಳಿಗೆ ಬಳಸಿದ್ದು ಕನ್ನಡ ಲಿಪಿಯನ್ನು. ತುಳುವಿಗೆ ಮುದ್ರಣದ ಬದುಕು ಕೊಟ್ಟ ಈ ನಿರ್ಧಾರ ಒಂದು ಶರತ್ತನ್ನೂ ಹೊತ್ತುತಂದಿತು: ತುಳುವ ಕ್ರೈಸ್ತನು ತನ್ನ ಮಾತಿನಲ್ಲಿ ಗ್ರಂಥ ಓದಬೇಕಾದರೆ ಕನ್ನಡ ಅಕ್ಷರ ಕಲಿತಿರಬೇಕು. ಕನ್ನಡ ಲಿಪಿಯ ಕೊಂಕಣಿಗೂ ಇದೇ ಮಾತು ಅನ್ವಯಿಸುತ್ತದೆ. ಹೀಗೆ ಗಡಿನಾಡಿನಲ್ಲಿ ಕನ್ನಡ ಲಿಪಿಯ ಮೇಲೆ ಕನ್ನಡದೊಡನೆ ತುಳು ಮತ್ತು ಕೊಂಕಣಿಯ ಭಕ್ತಿಪಠ್ಯಗಳೂ ನಿಂತಿವೆ. ಕನ್ನಡ ಅಕ್ಷರ ಕಲಿಯದ ಒಂದು ತಲೆಮಾರು ಬಂದರೆ ನಷ್ಟವಾಗುವುದು ಒಂದು ಭಾಷೆಯ ಓದಲ್ಲ, ಮೂರು ಭಾಷೆಗಳ ಓದು.

ಸೆಮಿನರಿಯ ಮೊದಲ ತಲೆಮಾರಿನಲ್ಲಿ ಈ ಶಿಸ್ತನ್ನು ಪ್ರತಿನಿಧಿಸುವ ಹೆಸರು ಹೆರ್ಮನ್ ಆನಂದರಾವ್ ಕೌಂಡಿನ್ಯ. ಸಾರಸ್ವತ ಬ್ರಾಹ್ಮಣ ಮನೆತನದ ಈ ತರುಣ 1844ರಲ್ಲಿ ದೀಕ್ಷಾಸ್ನಾನ ಪಡೆದು, 1846ರಲ್ಲಿ ಬಾಸೆಲಿಗೆ ಹೋಗಿ, 1851ರಲ್ಲಿ ಗುರುದೀಕ್ಷೆ ಹೊಂದಿ ಮರಳಿದರು. ಮಂಗಳೂರಿನ ಸೆಮಿನರಿಯಲ್ಲಿ ಬೋಧಿಸಿದರು. ಕೊಡಗಿನಲ್ಲಿಯೂ ಸೇವೆ ಸಲ್ಲಿಸಿದರು. ಬಾಸೆಲಿನ ತರಗತಿಯಲ್ಲಿ ಕಲಿತುದನ್ನು ಅವರು ಬಲ್ಮಠದಲ್ಲಿ ಕಲಿಸಬೇಕಾದಾಗ ಅಧ್ಯಯನ ಮತ್ತು ಅನುವಾದ ಒಂದೇ ಕೆಲಸದ ಎರಡು ಮುಖಗಳಾದವು.

ಗ್ರಂಥದ ಓದು ಸಭೆಯ ಆವರಣಕ್ಕೆ ಸೀಮಿತವಾಗಲಿಲ್ಲ ಎಂಬುದಕ್ಕೆ ಕಾಸರಗೋಡಿನ ನೆಲದಲ್ಲೇ ಸಾಕ್ಷ್ಯವಿದೆ. ಮಂಜೇಶ್ವರ ಗೋವಿಂದ ಪೈಗಳು ಕ್ರಿಸ್ತನ ಕೊನೆಯ ದಿನವನ್ನು ವಸ್ತುವಾಗಿಸಿಕೊಂಡು ‘ಗೊಲ್ಗೊಥಾ’ ಖಂಡಕಾವ್ಯವನ್ನು ಬರೆದರು. ಅವರು ಕ್ರೈಸ್ತರಲ್ಲ; ಅವರ ಮನೆಮಾತು ಕೊಂಕಣಿ. ಕನ್ನಡದಲ್ಲಿ ಸುವಾರ್ತೆಗಳನ್ನು ಗಂಭೀರವಾಗಿ ಓದುವ, ಅದರ ಕಥನವನ್ನು ಕಾವ್ಯವಾಗಿಸುವ ದಾರಿ ಭಕ್ತಸಮುದಾಯದ ಹೊರಗೂ ತೆರೆದಿತ್ತು ಎಂಬುದನ್ನು ಆ ಕೃತಿ ತೋರಿಸುತ್ತದೆ.

ಆಧಾರಗಳ ಪರೀಕ್ಷೆ: 1914

ಆಧಾರಗಳು ಗಟ್ಟಿಯೇ ಎಂದು ತಿಳಿಯುವುದು ಮೇಲಿನ ಕಟ್ಟಡ ಅಲುಗಿದಾಗ. 1914ರಲ್ಲಿ ಮಹಾಯುದ್ಧ ಆರಂಭವಾದಾಗ ಜರ್ಮನ್ ಮಿಷನರಿಗಳು ಶತ್ರುದೇಶದ ಪ್ರಜೆಗಳಾದರು. ಅವರನ್ನು ಬಂಧನದಲ್ಲಿಟ್ಟು ಬಳಿಕ ಸ್ವದೇಶಕ್ಕೆ ಕಳುಹಿಸಲಾಯಿತು. ನೇಯ್ಗೆ ಮತ್ತು ಹಂಚಿನ ಉದ್ಯಮಗಳು ಮಿಷನ್ನಿನ ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟಿನ ಆಡಳಿತಕ್ಕೆ ಹೋದವು. ಎಂಟು ದಶಕಗಳಲ್ಲಿ ಕಟ್ಟಿದ ಸಂಸ್ಥೆಗಳು ಕೆಲವೇ ವರ್ಷಗಳಲ್ಲಿ ತಮ್ಮ ಯಜಮಾನರನ್ನು ಕಳೆದುಕೊಂಡವು. ಸಭೆಗಳು ಮಾತ್ರ ಉಳಿದವು. ಅವನ್ನು ನಡೆಸಿದವರು ಭಾರತೀಯ ಸಭಾಪಾಲಕರು ಮತ್ತು ಉಪದೇಶಿಗಳು. ಅವರ ಕೈಯಲ್ಲಿ ಉಳಿದ ಬಂಡವಾಳವೆಂದರೆ ತಮ್ಮ ಭಾಷೆಯಲ್ಲಿ ಓದಬಲ್ಲ ಗ್ರಂಥ, ಬಾಯಿಗೆ ಬರುವ ಪ್ರಾರ್ಥನೆ, ಕನ್ನಡದ ಸಂಗೀತಪುಸ್ತಕ ಮತ್ತು ಸೆಮಿನರಿಯಲ್ಲಿ ಕಲಿತ ಶಿಸ್ತು. ಹೊರಗಿನ ಹಣ ಮತ್ತು ಆಡಳಿತ ಹಿಂದೆ ಸರಿದಾಗಲೂ ಸೇವೆ ನಿಲ್ಲದಿರಲು ಈ ಮೂಲಭೂತ ಸಾಧನಗಳು ದೇಶಭಾಷೆಯಲ್ಲಿ ನೆಲೆಗೊಂಡುದೇ ಒಂದು ಮುಖ್ಯ ಕಾರಣ.

1956ರ ನಂತರ: ಅಸಮವಾದ ಸವಕಳಿ

1956ರ ನವೆಂಬರ್ 1ರಂದು ಕಾಸರಗೋಡು ಕೇರಳದ ಭಾಗವಾಯಿತು. ಕನ್ನಡ ಇಲ್ಲಿ ಜಿಲ್ಲೆಯ ಪ್ರಧಾನ ಬರಹದ ಭಾಷೆಯ ಸ್ಥಾನದಿಂದ ಭಾಷಾ ಅಲ್ಪಸಂಖ್ಯಾತರ ಭಾಷೆಯ ಸ್ಥಾನಕ್ಕೆ ಸರಿಯಿತು. ಸಂವಿಧಾನದ 350ಎ ಮತ್ತು 350ಬಿ ವಿಧಿಗಳು ಮಾತೃಭಾಷೆಯ ಪ್ರಾಥಮಿಕ ಶಿಕ್ಷಣ ಮತ್ತು ಭಾಷಾ ಅಲ್ಪಸಂಖ್ಯಾತರ ರಕ್ಷಣೆಯನ್ನು ಹೇಳುತ್ತವೆ. ಕನ್ನಡ ಮಾಧ್ಯಮದ ಶಾಲೆಗಳು ಜಿಲ್ಲೆಯಲ್ಲಿ ಮುಂದುವರಿದಿವೆ. ಆದರೂ ಮಗುವನ್ನು ಯಾವ ಮಾಧ್ಯಮಕ್ಕೆ ಸೇರಿಸಬೇಕೆಂಬ ತೀರ್ಮಾನ ಪ್ರತಿ ಮನೆಯಲ್ಲಿಯೂ ಉದ್ಯೋಗ ಮತ್ತು ಭವಿಷ್ಯದ ಲೆಕ್ಕದಲ್ಲಿಯೇ ಆಗುತ್ತದೆ. ಈ ಲೆಕ್ಕವನ್ನು ತಪ್ಪೆನ್ನುವ ಅಧಿಕಾರ ಯಾವ ಸಂಸ್ಥೆಗೂ ಇಲ್ಲ.

ಇಂಥ ತೀರ್ಮಾನದ ಪರಿಣಾಮ ಮೂರು ಆಧಾರಗಳ ಮೇಲೆ ಒಂದೇ ತೆರನಾಗಿ ಬೀಳುವುದಿಲ್ಲ. ಮಲೆಯಾಳ ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿ ಕಲಿತ ಮಗು ಮನೆಯಲ್ಲಿ ತುಳುವಿನಲ್ಲೋ ಕನ್ನಡದಲ್ಲೋ ಕೊಂಕಣಿಯಲ್ಲೋ ಪ್ರಾರ್ಥಿಸಬಲ್ಲದು. ಅಜ್ಜಿಯ ಬಾಯಿಂದ ಕೇಳಿದ ಮಾತು ಸಾಕು. ಹಿರಿಯರೊಡನೆ ಉಪವಾಸದ ದಿನಗಳನ್ನೂ ಪಾಲಿಸಬಲ್ಲದು. ಆದರೆ ಅದೇ ಮಗು ಸಂಜೆಯ ಕೂಟದಲ್ಲಿ ಕನ್ನಡ ಸತ್ಯವೇದವನ್ನು ತೆರೆದು ಸರದಿಯ ವಚನವನ್ನು ಓದಲಾರದು. ಪ್ರಾರ್ಥನೆ ಮತ್ತು ಉಪವಾಸಗಳು ಮುಂದುವರಿಯುವುದರಿಂದ ಈ ಕೊರತೆ ಬಹುಕಾಲ ಕಣ್ಣಿಗೆ ಬೀಳುವುದೂ ಇಲ್ಲ. ಆರಾಧನೆ ನಡೆಯುತ್ತದೆ, ಹಾಡು ಕೇಳುತ್ತದೆ, ಹಬ್ಬ ಆಚರಿಸಲ್ಪಡುತ್ತದೆ. ಓದುವವರ ಸಂಖ್ಯೆ ಮಾತ್ರ ಮೌನವಾಗಿ ಇಳಿಯುತ್ತದೆ. ಅದರ ಫಲವಾಗಿ ಓದು ಸಭಾಪಾಲಕನೊಬ್ಬನ ಕೆಲಸವಾಗಿಬಿಡುವ ಅಪಾಯವಿದೆ. ಸಾಮಾನ್ಯರೂ ಕೂಡಿ ಓದಬೇಕೆಂಬ ಪಯಟಿಸ್ಟ್ ಆದರ್ಶಕ್ಕೆ ಇದು ತೀರ ವಿರುದ್ಧವಾದ ಸ್ಥಿತಿ. ಕೇಳಿದುದನ್ನು ಗ್ರಂಥದೊಡನೆ ಹೋಲಿಸಿ ಪರಿಶೀಲಿಸುವ ಸಾಮರ್ಥ್ಯ ಕಳೆದುಕೊಂಡ ಸಭೆ, ಹೇಳುವವನ ಮಾತನ್ನೇ ಅಂತಿಮವೆಂದು ಸ್ವೀಕರಿಸಬೇಕಾಗುತ್ತದೆ. ಭಾಷೆಯ ಪ್ರಶ್ನೆ ಹೀಗೆ ಅಧಿಕಾರದ ಪ್ರಶ್ನೆಯೂ ಆಗುತ್ತದೆ.

ಧ್ವನಿಮುದ್ರಿತ ಗ್ರಂಥಗಳು ಮತ್ತು ಮೊಬೈಲ್ ಫೋನಿನ ಓದು ಈ ಕೊರತೆಯನ್ನು ತುಂಬಬಲ್ಲವೇ ಎಂಬ ಪ್ರಶ್ನೆ ಸಹಜ. ಕೇಳುವಿಕೆಗೆ ತನ್ನದೇ ಬೆಲೆಯಿದೆ. ಮೊದಲ ಶತಮಾನದ ಸಭೆಗಳಲ್ಲಿ ಬಹುಮಂದಿ ಗ್ರಂಥವನ್ನು ಕೇಳಿಯೇ ಬಲ್ಲವರಾಗಿದ್ದರು. ಆದರೆ ಒಂದು ವಚನವನ್ನು ಇನ್ನೊಂದರೊಡನೆ ಹೋಲಿಸಲು, ಒಂದು ಪದದ ಬಳಕೆಯನ್ನು ಹಲವು ಕಡೆ ಹುಡುಕಲು, ಅಂಚಿನಲ್ಲಿ ಟಿಪ್ಪಣಿ ಬರೆದಿಡಲು ಅಕ್ಷರವೇ ಬೇಕು. ಕೇಳುವಿಕೆ ಪ್ರಾರ್ಥನೆಯನ್ನು ಪೋಷಿಸುವಷ್ಟು ಅಧ್ಯಯನವನ್ನು ಪೋಷಿಸಲಾರದು.

ವೇಲ್ಸ್ ದೇಶದ ಅನುಭವ ಇಲ್ಲಿ ಹೋಲಿಕೆಗೆ ಯೋಗ್ಯ. ಇಂಗ್ಲಿಷಿನ ನೆರಳಿನಲ್ಲಿ ಬದುಕಿದ ವೆಲ್ಷ್ ಭಾಷೆಯಲ್ಲಿ 1588ರಲ್ಲಿಯೇ ವಿಲಿಯಂ ಮಾರ್ಗನ್ನರ ಅನುವಾದದಿಂದ ಇಡೀ ಸತ್ಯವೇದ ಲಭ್ಯವಾಯಿತು. ಆದರೆ ಗ್ರಂಥವಿದ್ದರೆ ಸಾಲದು, ಓದುವವರು ಬೇಕೆಂದು ಮನಗಂಡ ಗ್ರಿಫಿತ್ ಜೋನ್ಸ್ ಹದಿನೆಂಟನೆಯ ಶತಮಾನದಲ್ಲಿ ಊರಿಂದೂರಿಗೆ ತಿರುಗುವ ಶಾಲೆಗಳನ್ನು ಆರಂಭಿಸಿದ. ಕೃಷಿ ಕೆಲಸ ಕಡಿಮೆಯಿರುವ ತಿಂಗಳುಗಳಲ್ಲಿ ಒಂದೊಂದು ಊರಿನಲ್ಲಿ ಕೆಲವು ಕಾಲ ನಿಂತು, ಮಕ್ಕಳಿಗೂ ವಯಸ್ಕರಿಗೂ ವೆಲ್ಷ್ ಓದು ಕಲಿಸುವುದು ಅವುಗಳ ಕ್ರಮ. ಮುಂದೆ ಭಾನುವಾರದ ಶಾಲೆಗಳು ಈ ಕೆಲಸವನ್ನು ವಹಿಸಿಕೊಂಡವು. ಆಡಳಿತದ ಬೆಂಬಲವಿಲ್ಲದ ಭಾಷೆಯೊಂದು ಓದಿನ ಭಾಷೆಯಾಗಿ ಉಳಿಯುವಲ್ಲಿ ಈ ಶಾಲೆಗಳ ಪಾತ್ರ ದೊಡ್ಡದೆಂದು ಇತಿಹಾಸಕಾರರು ಒಪ್ಪುತ್ತಾರೆ. ಅವರ ಗುರಿ ಭಾಷೆಯ ಉಳಿವಾಗಿರಲಿಲ್ಲ, ಗ್ರಂಥದ ಓದಾಗಿತ್ತು. ಭಾಷೆಯ ಉಳಿವು ಅದರ ಜೊತೆಗೆ ಬಂದ ಫಲ.

ಗಡಿನಾಡಿನ ಸಭೆಗಳಿಗೆ ಈ ಉದಾಹರಣೆಯಿಂದ ತೆರೆಯುವ ದಾರಿ ಸರಳವಾದುದು. ಭಾನುವಾರದ ಮಕ್ಕಳ ತರಗತಿಯಲ್ಲಿ ಕಥೆ ಹೇಳುವುದರೊಂದಿಗೆ ಕನ್ನಡ ಅಕ್ಷರ ಕಲಿಸುವುದು, ಕನ್ನಡ ಮತ್ತು ಮಲೆಯಾಳ ಪಾಠಗಳನ್ನು ಎದುರುಬದುರಾಗಿಟ್ಟು ಓದಿಸುವುದು, ತುಳು ಮತ್ತು ಕೊಂಕಣಿ ಪಠ್ಯಗಳನ್ನು ಕೂಟದಲ್ಲಿ ಗಟ್ಟಿಯಾಗಿ ಓದಿಸುವುದು, ಇವು ಹೆಚ್ಚು ವೆಚ್ಚವಿಲ್ಲದೆ ಆಗಬಹುದಾದ ಕೆಲಸಗಳು. ಎರಡು ಭಾಷೆಗಳ ಗ್ರಂಥವನ್ನು ಹೋಲಿಸಿ ಓದಬಲ್ಲ ಮಗುವಿಗೆ ಗಡಿಯಲ್ಲಿ ಹುಟ್ಟಿದುದು ಕೊರತೆಯಾಗದೆ ಅನುಕೂಲವೇ ಆಗುತ್ತದೆ. ಸೆಮಿನರಿಯಲ್ಲಿ ಗ್ರೀಕ್ ಮತ್ತು ಇಬ್ರಿಯ ಕಲಿಯುವವನು ಮಾಡುವ ಕೆಲಸದ ಮೊದಲ ಪಾಠವನ್ನು ಅದು ಮನೆಯಲ್ಲೇ ಕಲಿತಿರುತ್ತದೆ.

ಉಪಸಂಹಾರ

ಭಾಷೆಯನ್ನು ಉಳಿಸುವುದು ಸಭೆಯ ಕರ್ತವ್ಯವಲ್ಲ, ಜನರಿಗೆ ತಿಳಿಯುವ ಭಾಷೆಯಲ್ಲಿ ಸೇವೆ ನಡೆದರೆ ಸಾಕು ಎಂಬ ವಾದಕ್ಕೆ ಬಲವಿದೆ. ಜನ ಮಲೆಯಾಳದಲ್ಲಿ ಓದತೊಡಗಿದರೆ ಮಲೆಯಾಳದ ಸತ್ಯವೇದವನ್ನೇ ಅವರ ಕೈಗಿಡಬೇಕೆಂಬುದು ಅನುವಾದ ಪರಂಪರೆಯ ತರ್ಕವೇ ಆಗಿದೆ. ಅದೇ ತರ್ಕ 1847ರಲ್ಲಿ ತುಳು ಹೊಸ ಒಡಂಬಡಿಕೆಗೆ ಕಾರಣವಾಯಿತು. ಆದರೆ ಸ್ಥಿತ್ಯಂತರದ ಕಾಲದಲ್ಲಿ ಎರಡು ಭಾಷೆಗಳ ನಡುವೆ ಸಿಲುಕಿ, ಒಂದರಲ್ಲಿ ಪ್ರಾರ್ಥಿಸಿ ಇನ್ನೊಂದರಲ್ಲಿ ಓದಲಾಗದೆ ಉಳಿಯುವವರು ಯಾರು ಎಂಬ ಪ್ರಶ್ನೆಯನ್ನು ಆ ವಾದ ಕೇಳುವುದಿಲ್ಲ. ಹಿರಿಯ ಹೆಂಗಸರು, ಶಾಲೆ ಬಿಟ್ಟ ಕೂಲಿಕಾರರು, ಮಾಧ್ಯಮ ಬದಲಾದ ಮಕ್ಕಳು ಆ ನಡುವಿನಲ್ಲಿರುವವರು. ಯೆರೂಸಲೇಮಿನಲ್ಲಿ ಗೊಣಗಿದವರ ಪರವಾಗಿ ನಿಂತ ತಕರಾರು ಇಂಥವರದ್ದೇ ಆಗಿತ್ತು.

ಪ್ರಾರ್ಥನೆ, ಉಪವಾಸ, ಅಧ್ಯಯನ ಎಂಬ ಮೂರು ಆಧಾರಗಳನ್ನು ಬೋಧಿಸುವ ಯಾವ ತರಬೇತಿಯೂ ಇವುಗಳ ಭಾಷೆಯ ಪ್ರಶ್ನೆಯನ್ನು ಬದಿಗಿಡುವಂತಿಲ್ಲ. ಮೂರರಲ್ಲಿ ಬಹಳ ಬೇಗ ಸವೆಯುವುದೂ ಸವೆದುದು ತಡವಾಗಿ ತಿಳಿಯುವುದೂ ಅಧ್ಯಯನ. ಮುಳ್ಳೇರಿಯದಂಥ ಬಹುಭಾಷಾ ಪರಿಸರದಲ್ಲಿ ಸೇವೆಗೆ ಹೊರಡುವವರು ಸಭೆಯವರು ಯಾವ ಮಾತಿನಲ್ಲಿ ಪ್ರಾರ್ಥಿಸುತ್ತಾರೆಂದು ತಿಳಿದರೆ ಸಾಲದು. ಅವರಲ್ಲಿ ಎಷ್ಟು ಮಂದಿ ಯಾವ ಲಿಪಿಯಲ್ಲಿ ಓದಬಲ್ಲರೆಂಬುದನ್ನೂ ಮೊದಲಿಗೇ ವಿಚಾರಿಸಿಕೊಳ್ಳಬೇಕು.